ರುವೈಸ್ ಕ್ಲಬ್ಬಿನ ಎಡ ಫ್ಲಿಪ್ಪರ್ ಹಾಗೂ ಅದಕ್ಕೆ ಹೊಂದಿಕೊಂಡ ಮದುವೆ

ಇಂದ,
ದ್ವಾರಕನಾಥ,
ಆಟದ ಯಂತ್ರಗಳ ರಿಪೇರಿ ಮೆಕ್ಯಾನಿಕ್,
ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್, ದುಬೈ.
(ಮೂಲ ಊರು ಮೈಸೂರು. ತಮ್ಮ ಮನೆಯ ಮಾತಿನಲ್ಲಿ, "ಘಟ್ಟದ ಮೇಲಿನವ".)

ಗೆ,
ಶ್ರೀ ಪೂವಪ್ಪನವರು,
ಗೌರವ ಕಾರ್ಯದರ್ಶಿ, ನೌಕರರ ಮನರಂಜನಾ ಕ್ಲಬ್,
ಕಂಪೆನಿ ವಸತಿ ಬಡಾವಣೆ, ರುವೈಸ್.
ಹಾಗೂ
ಶ್ರೀ ಪೂವಪ್ಪನವರು,
ಕುಮಾರಿ ದೀಪ್ತಿಯ ತಂದೆ, ಅದೇ ವಿಳಾಸ.
(ಇಬ್ಬರೂ ಒಬ್ಬರೇ ಆದ ಕಾರಣ ಒಂದೇ ಪ್ರತಿ ಸಲ್ಲಿಸಲಾಗಿದೆ.)

ವಿಷಯ: ಪಿನ್‌ಬಾಲ್ ಯಂತ್ರದ ಎಡ ಫ್ಲಿಪ್ಪರನ್ನು ಸರಿಪಡಿಸಬೇಕೆಂಬ ಷರತ್ತಿನಿಂದ ಅರ್ಜಿದಾರನನ್ನು ಬಿಡುಗಡೆ ಮಾಡಿ, ಮದುವೆಗೆ ಮಂಜೂರಾತಿ ನೀಡುವ ಬಗ್ಗೆ.

ಉಲ್ಲೇಖ: (1) ಕೇರಂ ಬೋರ್ಡಿನ ಪಕ್ಕ ನಿಂತು ತಾವು ನೀಡಿದ ಮೌಖಿಕ ಆದೇಶ.
(2) ತಮ್ಮ ಶ್ರೀಮತಿ ಚಂದ್ರಮತಿಯವರು ಅಡುಗೆಮನೆಯಲ್ಲಿ ನೀಡಿದ ಮೌಖಿಕ ಸ್ಪಷ್ಟೀಕರಣ.

ಮಾನ್ಯರೇ,

ಒಂದು ಫ್ಲಿಪ್ಪರ್ ಮತ್ತು ಒಂದು ಮದುವೆ, ಎರಡೂ ಏಳದೆ ಕುಳಿತು ಬಹಳ ಕಾಲವಾದ ಕಾರಣ ಈ ಅರ್ಜಿ. ಮಗಳ ವಿಷಯವನ್ನು ಬಾಯಿಮಾತಿನಲ್ಲಿ ಕೇಳಬಾರದು, ಬರೆದು ಕೊಡಬೇಕು, ಅದೂ ಕನ್ನಡದಲ್ಲಿ ಎಂದು ತಾವೇ ಅಪ್ಪಣೆ ಕೊಡಿಸಿದ್ದೀರಿ. ಇಂಗ್ಲಿಷಿನಲ್ಲಿ ಬರೆದರೆ ಕಂಪೆನಿಯ ಕಾಗದದಂತೆ ಕಾಣುತ್ತದೆಂದೂ, ತಮ್ಮ ಮನೆಮಾತಾದ ತುಳು ನನಗೆ ಬರುವುದಿಲ್ಲವೆಂದೂ ಕಾರಣ ಹೇಳಿದ್ದೀರಿ. ಎರಡೂ ಒಪ್ಪತಕ್ಕ ಕಾರಣಗಳೇ. ಆದ್ದರಿಂದ ಸಂಗತಿಗಳನ್ನು ಅಂಶವಾರು ಕೆಳಗೆ ಕೊಟ್ಟಿದ್ದೇನೆ. ಕೆಲವು ಅಂಶಗಳು ಉದ್ದವಾಗಿವೆ. ಅವುಗಳನ್ನು ಬರೆಯುವಾಗ ನನಗೆ ಸಿಟ್ಟು ಬಂದಿತ್ತು.

1. ಸದರಿ ಯಂತ್ರವು, ಕೆಲಸ ಬಿಟ್ಟು ಊರಿಗೆ ಮರಳಿದ ಒಬ್ಬ ವಿದೇಶಿ ಎಂಜಿನಿಯರು ಕ್ಲಬ್ಬಿಗೆ ಕೊಟ್ಟುಹೋದ ಹಳೆಯ ಪಿನ್‌ಬಾಲ್ ಮೇಜು. ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಚೆಂಡು, ಚೆಂಡು ಕೆಳಗಿನ ಕಿಂಡಿಗೆ ಬೀಳದಂತೆ ತಟ್ಟಿ ಮೇಲಕ್ಕೆ ಕಳಿಸುವ ಎರಡು ಪುಟ್ಟ ತೋಳುಗಳು. ಈ ತೋಳುಗಳಿಗೇ ಫ್ಲಿಪ್ಪರ್ ಎಂದು ಹೆಸರು. ಪಕ್ಕದ ಬಟನ್ ಒತ್ತಿದರೆ ಏಳಬೇಕು, ಬಿಟ್ಟರೆ ಇಳಿಯಬೇಕು, ಇಷ್ಟೇ ಅವುಗಳ ಉದ್ಯೋಗ. ಬಲಗಡೆಯದು ಈ ಉದ್ಯೋಗವನ್ನು ನಿಷ್ಠೆಯಿಂದ ಮಾಡುತ್ತಿದೆ. ಎಡಗಡೆಯದು ಏಳುವಾಗ ಸೋಮಾರಿ, ಎದ್ದರೆ ಇಳಿಯಲು ಮೊಂಡು. ಚೆಂಡು ಜಾರಿಹೋದಾಗಲೆಲ್ಲ ತಾವು ಎಡ ಫ್ಲಿಪ್ಪರನ್ನು ಬೈಯುತ್ತಿದ್ದುದನ್ನು ಕಂಡು, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಮೊದಲ ದಿನ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಪರಿಶೀಲಿಸಿದಾಗ ನೆಲ ನಿಜವಾಗಿಯೂ ಡೊಂಕಾಗಿರುವುದು ಕಂಡುಬಂತು. ಅಷ್ಟರ ಮಟ್ಟಿಗೆ ವಿಷಾದಿಸುತ್ತೇನೆ.

2. ದೂರು ಬಂದ ವಾರ ಶನಿವಾರ ಬೆಳಿಗ್ಗೆ ಗಾಡಿ ರುವೈಸಿಗೆ ಹೊರಡುತ್ತದೆ, ದೂರು ಬಾರದ ವಾರ ಗಾಡಿ ಮಾಫಿ, ಇಲ್ಲಿನ ಅರಬ್ಬಿಯಲ್ಲಿ 'ಇಲ್ಲ'. ಇದು ನಮ್ಮ ವರ್ಕ್‌ಶಾಪಿನ ಮೇಲ್ವಿಚಾರಕರಾದ ಫೈಝಲ್ ಅವರ ನಿಯಮ. ಹೀಗೆ ನಾನು ಬಂದುಹೋಗುತ್ತಿದ್ದ ದಿನಗಳಲ್ಲಿ ತಾವೇ ನನ್ನನ್ನು ಕರೆದು, "ಗಾಡಿ ಹೇಗೂ ಖಾಲಿ ಬರ್ತದೆ. ಮಗಳು ದುಬೈಯಲ್ಲೇ, ಜುಮೇರಾ ಲೇಕ್ ಟವರ್ಸ್‌ನಲ್ಲಿ ಕೆಲಸದಲ್ಲಿ ಇದ್ದಾಳೆ. ಬಸ್ಸಲ್ಲಿ ಅವಳಿಗೆ ಬಚ್ಚುತ್ತದೆ, ಬರುವಾಗ ಕೂರಿಸ್ಕೊಂಡು ಬಾ ಮಾರಾಯ," ಎಂದು ಸೂಚಿಸಿದಿರಿ. (ಬಚ್ಚುವುದೆಂದರೆ ಸುಸ್ತಾಗುವುದು ಎಂದು ಆಮೇಲೆ ತಿಳಿದುಕೊಂಡೆ.) ಸದರಿ ಸೂಚನೆಯ ಮೇರೆಗೆ ಕುಮಾರಿ ದೀಪ್ತಿಯನ್ನು ಪ್ರತಿ ಶನಿವಾರ ಕರೆತಂದು ಭಾನುವಾರ ಸಂಜೆ ಮರಳಿ ಬಿಡಲಾಯಿತು. ಮರುಭೂಮಿಯ ನೇರ ರಸ್ತೆ, ಮೂರು ಗಂಟೆಗೂ ಮಿಕ್ಕಿದ ದಾರಿ, ರೇಡಿಯೋ ಕೆಟ್ಟ ಗಾಡಿ. ಮಾತನಾಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಆದ ಕಾರಣ ಮುಂದೆ ನಡೆದ ಪ್ರೀತಿಗೆ ಮೂಲ ಕಾರಣಕರ್ತರು ತಾವೇ ಎಂಬುದನ್ನು ದಾಖಲೆಗೆ ತೆಗೆದುಕೊಳ್ಳಬೇಕು.

3. ನಾವಿಬ್ಬರೂ ಒಟ್ಟಿಗೆ ಬಂದು ತಮ್ಮೆದುರು ವಿಷಯ ಪ್ರಸ್ತಾಪಿಸಿದ ದಿನ ತಾವು ಕೇರಂ ಬೋರ್ಡಿಗೆ ಪೌಡರ್ ಹಾಕುತ್ತಿದ್ದಿರಿ. ಪೂರ್ತಿ ಹಾಕಿ ಮುಗಿಸಿ, ಡಬ್ಬಿಯ ಮುಚ್ಚಳ ಮುಚ್ಚಿದಿರಿ. ಆಮೇಲೆ ಉಲ್ಲೇಖ (1)ರ ಆದೇಶ ಹೊರಬಿತ್ತು. ಅದು ಹೀಗಿತ್ತು: "ಒಂದು ಫ್ಲಿಪ್ಪರ್ ನೆಟ್ಟಗೆ ಮಾಡ್ಲಿಕ್ಕೆ ಆಗದವ ಸಂಸಾರ ಹೇಗೆ ನಡೆಸ್ತಾನೆ? ಒಂದು ತಿಂಗಳು ದೂರು ಇಲ್ಲದೆ ಅದು ಓಡಲಿ. ಮತ್ತೆ ನೋಡುವ." ಆಟಿ ತಿಂಗಳಿನಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿನಲ್ಲಿ, ತಮ್ಮವರು ಮದುವೆ ಮಾಡುವುದಿಲ್ಲ. ಆಟಿ ಕಳೆದ ಮೇಲಿನ ಮುಹೂರ್ತಕ್ಕೆ ತಮ್ಮ ವಾರ್ಷಿಕ ರಜೆ ಬೇಕು. ರಜೆಗೆ ಈ ತಿಂಗಳ ಕೊನೆಯೊಳಗೆ ಹೆಸರು ಕೊಡದಿದ್ದರೆ ತಮ್ಮ ಪ್ಲಾಂಟಿನಲ್ಲಿ ಆ ರಜೆ ಬೇರೆಯವರಿಗೆ ಹೋಗುತ್ತದೆ, ಮದುವೆ ಬರುವ ವರ್ಷಕ್ಕೆ ಹೋಗುತ್ತದೆ. ಆದ್ದರಿಂದ ನನ್ನ ಮತ್ತು ದೀಪ್ತಿಯ ಒಂದು ವರ್ಷವಿಡೀ ಆ ಫ್ಲಿಪ್ಪರಿನ ಮೇಲೆ ಕುಳಿತಿತ್ತು.

4. ತತ್ಸಂಬಂಧ ಕೈಗೊಂಡ ಕ್ರಮಗಳು: ಬಟನ್ನಿನ ಸಂಪರ್ಕ ಪಟ್ಟಿಗಳನ್ನು ಉಜ್ಜಿದೆ. ಫ್ಲಿಪ್ಪರ್ ಪೂರ್ತಿ ಎದ್ದ ಮೇಲೆ ಹೆಚ್ಚಿನ ಕರೆಂಟನ್ನು ತಡೆಯುವ ಪುಟ್ಟ ಸ್ವಿಚ್ಚಿನ ಅಂತರ ಸರಿಮಾಡಿದೆ. ಕೆಳಗೆ ಎಳೆಯುವ ಸ್ಪ್ರಿಂಗ್ ಬದಲಿಸಿದೆ. ಬೆಸುಗೆಗಳನ್ನು ಬಿಚ್ಚಿ ಮತ್ತೆ ಹಾಕಿದೆ. ತಾಮ್ರದ ತಂತಿ ಸುತ್ತಿದ ಕಾಯಿಲ್ಲನ್ನು ಮೀಟರ್ ಇಟ್ಟು ಅಳೆದೆ, ಅದು ನನಗಿಂತ ಆರೋಗ್ಯವಾಗಿತ್ತು. ಒಳಗೆ ಸ್ವಲ್ಪ ಜಿಡ್ಡು ಇತ್ತು. ಹಳೆಯ ಯಂತ್ರ, ಹಳೆಯ ಜಿಡ್ಡು ಎಂದು ಒರೆಸಿದೆ. ಪ್ರತಿ ಶನಿವಾರ ನಾನು ಕೈಯಿಟ್ಟು ಆಡಿಸುತ್ತ ಹೋದಂತೆ ಫ್ಲಿಪ್ಪರ್ ಸರಿಹೋಗುತ್ತಿತ್ತು. ನಾನು ದುಬೈ ತಲುಪಿ ಎರಡು ದಿನಕ್ಕೆ ತಮ್ಮ ದೂರು ಬರುತ್ತಿತ್ತು. ಆಡುತ್ತ ಆಡುತ್ತ ಕಾಯಿಲ್ ಬಿಸಿಯಾದರೆ ಸುಸ್ತಾಗುವುದು ಫ್ಲಿಪ್ಪರ್ ಜಾತಿಯ ಗುಣ. ಇದೊಂದು ಮಾತ್ರ ಬಿಸಿಯಾದಷ್ಟೂ ಚುರುಕಾಗುತ್ತಿತ್ತು. ನನ್ನ ಸರ್ವೀಸಿನಲ್ಲಿ ಇಂಥ ಪ್ರಾಣಿಯನ್ನು ನಾನು ಕಂಡಿರಲಿಲ್ಲ.

5. ಕೊನೆಗೆ ಇಡೀ ಜೋಡಣೆಯನ್ನು ಬಿಚ್ಚಿ ವರ್ಕ್‌ಶಾಪಿಗೆ ಒಯ್ದೆ. ನಮ್ಮ ಶೆಡ್ಡಿನಲ್ಲಿ ಏಸಿ ಇರುವುದು ಫೈಝಲ್ ಅವರ ಕೋಣೆಗೆ ಮಾತ್ರ. ಬೆಂಚಿನ ಮೇಲೆ ಇಟ್ಟು ಕರೆಂಟು ಕೊಟ್ಟರೆ ಫ್ಲಿಪ್ಪರ್ ಪಟಪಟನೆ ಹೊಡೆಯಿತು. ಮಧ್ಯಾಹ್ನ ಕೊಟ್ಟರೂ ಹೊಡೆಯಿತು, ಸಂಜೆ ಕೊಟ್ಟರೂ ಹೊಡೆಯಿತು. ಫೈಝಲ್ ಅವರು ಮಂಗಳೂರಿನ ಕಡೆಯವರು, ಮಾತು ಕಡಿಮೆ. ಬಂದು ನೋಡಿ, "ಬೆಂಚಲ್ಲಿ ಓಡ್ತದೆ, ಕ್ಲಬ್ಬಲ್ಲಿ ಓಡುದಿಲ್ಲ ಅಂದ್ರೆ ಇದು ಫ್ಲಿಪ್ಪರಿನ ಕಂಪ್ಲೇಂಟ್ ಅಲ್ಲ ದ್ವಾರಕಾ, ನಿನ್ನದು," ಎಂದರು. ಅದೇ ವಾರ ದೀಪ್ತಿಯೂ ಗಾಡಿಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. ತನ್ನ ಮದುವೆ ಒಂದು ಸ್ಪ್ರಿಂಗಿನ ಮೇಲೆ ನಿಂತಿದೆ ಎಂದು ಆಫೀಸಿನಲ್ಲಿ ಹೇಗೆ ಹೇಳಿಕೊಳ್ಳಲಿ ಎಂದು ಕೇಳಿದಳು. "ಜಸ್ಟ್ ಫಿಕ್ಸ್ ಇಟ್ ಯಾ," ಎಂದು ಹೇಳಿ ದಾರಿಯಲ್ಲಿ ಸಿಗುವ ತಾರಿಫ್ ಊರು ದಾಟುವವರೆಗೂ ಮುಖ ಕಿಟಕಿಯ ಕಡೆಗೆ ತಿರುಗಿಸಿದ್ದಳು. ಎರಡೂ ಟೀಕೆಗಳನ್ನು ನಾನು ಸಹಿಸಿಕೊಂಡಿದ್ದೇನೆ.

6. ಜೋಡಣೆಯನ್ನು ತಂದು ಮತ್ತೆ ಕೂರಿಸಿ ಹೋದ ಮೇಲೂ ದೂರು ಬಂತು. ಮುಂದಿನ ಶನಿವಾರ ಊಟ, ಕಾಫಿ, ಕುಶಲ ಎಲ್ಲ ಬಿಟ್ಟು ನೇರ ಕ್ಲಬ್ಬಿಗೆ ಬಂದೆ. ಆಡಿಸಿ ನೋಡುವ ಮೊದಲೇ ಹಲಗೆ ಎತ್ತಿದೆ. ಕ್ಲಬ್ಬಿನ ಏಸಿಯನ್ನು ತಾವು ಯಾವ ಮಟ್ಟಕ್ಕೆ ಇಟ್ಟಿರುತ್ತೀರಿ ಎಂಬುದು ಅಲ್ಲಿ ಸ್ವೆಟರ್ ಹಾಕಿಕೊಂಡು ಟೇಬಲ್ ಟೆನಿಸ್ ಆಡುವ ಎಲ್ಲರಿಗೂ ಗೊತ್ತು. ಕಾಯಿಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಕೊಳವೆ, ಕೊಳವೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವ ಕಬ್ಬಿಣದ ಸರಳು. ಆ ಸರಳಿನ ಸುತ್ತ ಬೆಳ್ಳಗೆ ಮೇಣದಂಥ ಪದಾರ್ಥ ಗಟ್ಟಿಯಾಗಿ ಕುಳಿತಿತ್ತು. ಬೆರಳಿನಲ್ಲಿ ತೆಗೆದು ಹೆಬ್ಬೆಟ್ಟಿನಿಂದ ಒತ್ತಿದೆ. ಕರಗಿತು. ಮೂಸಿದೆ. ಶಾಲೆಗೆ ಹೊರಡುವ ಮುಂಚೆ ನನ್ನ ತಾಯಿ ಲೀಲಮ್ಮನವರು ನನ್ನ ನೆತ್ತಿಗೆ ತಟ್ಟುತ್ತಿದ್ದ ಅದೇ ವಾಸನೆ. ಅಪ್ಪಟ ಕೊಬ್ಬರಿ ಎಣ್ಣೆ.

ಆಗ ಎಲ್ಲವೂ ಸ್ಪಷ್ಟವಾಯಿತು. ಕ್ಲಬ್ಬಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಸರಳು ಸಿಕ್ಕಿಕೊಳ್ಳುತ್ತಿತ್ತು. ಆಡುತ್ತ ಆಡುತ್ತ ಕಾಯಿಲ್ ಬಿಸಿಯಾದರೆ ಕರಗುತ್ತಿತ್ತು. ನಮ್ಮ ಶೆಡ್ಡಿನ ಸೆಕೆಯಲ್ಲಂತೂ ಅದು ನೀರು. ದುಬೈಯಲ್ಲಿ ಕೋಣೆಯ ಏಸಿಗೆ ಗಟ್ಟಿಯಾದ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ತಲೆಗೆ ಹಚ್ಚಿಕೊಳ್ಳುವ ನಾನು, ಇದನ್ನು ಗುರುತಿಸಲು ಇಷ್ಟು ಕಾಲ ತೆಗೆದುಕೊಂಡೆ.

7. ಯಂತ್ರದ ಬೀಗದ ಕೈ ಇರುವುದು ಗೌರವ ಕಾರ್ಯದರ್ಶಿಗಳ ಬಳಿ ಮಾತ್ರ. ಆದ್ದರಿಂದ ಎಣ್ಣೆ ಹಾಕಿದವರು ಯಾರೆಂದು ತನಿಖೆ ನಡೆಸಬೇಕಾಗಿ ಬರಲಿಲ್ಲ. ತಾವೂ ಮುಚ್ಚಿಡಲಿಲ್ಲ. ಕಿರುಗುಟ್ಟುತ್ತಿತ್ತು, ಹಾಕಿದೆ, ಬಿಗಿಯಾಗಿದೆ ಎನಿಸಿದಾಗಲೆಲ್ಲ ಇನ್ನಷ್ಟು ಹಾಕಿದೆ ಎಂದಿರಿ. ಡಾಕ್ಟರು ಬರುವ ಮುಂಚೆ ಮನೆಮದ್ದು ಮಾಡುವುದು ತಪ್ಪೇನಲ್ಲ ಎಂಬುದು ತಮ್ಮ ವಾದ. "ನಮ್ಮಲ್ಲಿ ತೊಟ್ಟಿಲಿಗೂ ಇದೇ, ಬಾಗಿಲಿಗೂ ಇದೇ, ಮಗುವಿನ ನೆತ್ತಿಗೂ ಇದೇ. ಯಾವುದಾದ್ರೂ ಹಾಳಾದ್ದುಂಟಾ?" ಎಂದು ಕೇಳಿದಿರಿ. ಫ್ಲಿಪ್ಪರಿನ ಕೊಳವೆಗೆ ಯಾವ ಎಣ್ಣೆಯನ್ನೂ ಹಾಕಬಾರದು, ಅದು ಒಣಗಿದ್ದೇ ಓಡಬೇಕು ಎಂದು ನಾನು ವಿವರಿಸಿದೆ. ತಾವು ತಲೆಯಾಡಿಸಿದಿರಿ. ಸ್ಪಿರಿಟ್ ಹಾಕಿ ಎಲ್ಲವನ್ನೂ ತೊಳೆದು, ಹೊಸ ಕೊಳವೆ ಕೂರಿಸಿದೆ. ಚಳಿಯಲ್ಲೂ ಫ್ಲಿಪ್ಪರ್ ಮೊದಲ ಏಟಿಗೇ ಎದ್ದಿತು.

ನಾನು ಸಾಮಾನು ಕಟ್ಟುವಾಗ ತಾವು ಪಕ್ಕದಲ್ಲಿ ನಿಂತು, "ಸರಿ ಆಯ್ತಲ್ಲ. ಇನ್ನು ನಿನಗೆ ಇಲ್ಲಿ ಬರುವ ಕೆಲಸ ಇಲ್ಲ, ಅಲ್ವಾ?" ಎಂದು ಕೇಳಿದಿರಿ. ನಾನು ಎದೆಯುಬ್ಬಿಸಿ, "ಇಲ್ಲ ಸಾರ್, ಇನ್ನು ಬರುವ ಪ್ರಮೇಯವೇ ಇಲ್ಲ," ಎಂದೆ. ಈ ಉತ್ತರದ ಬಗ್ಗೆ ಮುಂದೆ ಅರಿಕೆ ಮಾಡಿಕೊಳ್ಳುವುದಿದೆ.

8. ಮುಂದಿನ ವಾರ ದೂರು ಬರಲಿಲ್ಲ. ಗಾಡಿ ಹೊರಡಲಿಲ್ಲ. ಷರತ್ತಿನ ಒಂದು ವಾರ ಕಳೆಯಿತೆಂದು ನಾನು ಸಂತೋಷದಿಂದ ದೀಪ್ತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಕೆಲಸವಿಲ್ಲದೆ, ಇನ್ನೂ ಒಪ್ಪಿಗೆ ಸಿಗದ ಹುಡುಗಿಯ ಮನೆಗೆ ಬಂದು ನಿಲ್ಲುವ ಧೈರ್ಯ ನನಗಿರಲಿಲ್ಲ. ಬಸ್ಸಿನಲ್ಲಿ ಬರುವ ಮನಸ್ಸು ಅವಳಿಗಿರಲಿಲ್ಲ. ಇದಿಷ್ಟೇ ನಡೆದದ್ದು.

9. ಅದರ ಮುಂದಿನ ವಾರದ ಆರಂಭದಲ್ಲೇ ದೂರು ಬಂತು. ಶನಿವಾರ ಬಂದು ಹಲಗೆ ಎತ್ತಿದರೆ ಬೆಳ್ಳಗೆ ಎಣ್ಣೆ, ಮೊದಲಿಗಿಂತ ಧಾರಾಳವಾಗಿ. ಈ ಸಲ ಅದು ತಿಳಿಯದೆ ಆದದ್ದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಹೆಣ್ಣು ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಎನ್ನಬೇಕು, ಎಣ್ಣೆ ಹಾಕಬಾರದು. ಘಟ್ಟದ ಮೇಲಿನವನೆಂದು ಹೀಗೆ ಮಾಡಿದರು ಎಂದುಕೊಂಡೆ. ಸ್ಪ್ಯಾನರನ್ನು ಪೆಟ್ಟಿಗೆಗೆ ಎಸೆದೆ. ಅದರ ಸದ್ದಿಗೆ ಕೇರಂ ಆಡುತ್ತಿದ್ದವರು ತಿರುಗಿ ನೋಡಿದರು. ತಾವು ಮಾತ್ರ ನೋಡಲಿಲ್ಲ, ನೋಟಿಸು ಬೋರ್ಡಿನಲ್ಲಿ ಆಗಲೇ ನೆಟ್ಟಗಿದ್ದ ಕಾಗದವನ್ನು ಮತ್ತೆ ನೆಟ್ಟಗೆ ಮಾಡುತ್ತಿದ್ದಿರಿ. ಈ ವಿಷಯವನ್ನು ಅಲ್ಲಿಯೇ ಎಲ್ಲರೆದುರು ಎತ್ತಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ದೀಪ್ತಿಗೆ ತಿಳಿದರೆ ತಂದೆ ಮಗಳ ನಡುವೆ ಮಾತೇ ನಿಲ್ಲುತ್ತದೆ ಎಂಬ ಭಯದಿಂದ ಬಾಯಿ ಮುಚ್ಚಿಕೊಂಡು ತಮ್ಮ ಮನೆಗೆ ಬಂದೆ. ದೀಪ್ತಿ ತನ್ನ ಕೋಣೆಯಲ್ಲಿ ಮಲಗಿದ್ದಳು. ಶ್ರೀಮತಿ ಚಂದ್ರಮತಿಯವರು ಅಡುಗೆಮನೆಯಲ್ಲಿ ಮಸಾಲೆ ಅರೆಯುತ್ತಿದ್ದರು.

10. ನಾನು ಕೇಳಿದ್ದು ಒಂದೇ ಪ್ರಶ್ನೆ: ಸಾರ್‌ಗೆ ಈ ಮದುವೆ ಬೇಡವೇ? ಅವರು ಮಿಕ್ಸಿ ನಿಲ್ಲಿಸಿದರು. ಅವರ ಮಾತನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ, ಏಕೆಂದರೆ ತಾವು ಅವರ ಬಳಿ ಹೇಳಿಕೊಂಡದ್ದನ್ನು ನನ್ನ ಬಳಿ ಎಂದೂ ಹೇಳಿಕೊಳ್ಳುವವರಲ್ಲ.

"ಎಣ್ಣೆ ಹಾಕಬಾರದು ಅಂತ ಅವರಿಗೆ ಗೊತ್ತುಂಟು. ನೀನು ಹೇಳಿದ್ದನ್ನು ಒಂದು ಬಿಡದೆ ನನಗೂ ಹೇಳಿದ್ದಾರೆ. ಆ ವಾರ ಗಾಡಿ ಬರ್ಲಿಲ್ಲ, ಅವಳೂ ಬರ್ಲಿಲ್ಲ. ಶುಕ್ರವಾರವೇ ಅಂಜಲ್ ಮೀನು ತಂದಿಟ್ಟಿದ್ರು, ಒಂದು ತುಂಡು ಮುಟ್ಲಿಲ್ಲ. ನೀನು ಕೆಟ್ಟವ ಅಂತ ಅಲ್ಲ ಮಗಾ. ಫ್ಲಿಪ್ಪರ್ ಸರಿಯಾದ ಮೇಲೆ ಇಲ್ಲಿ ಬರುವ ಪ್ರಮೇಯ ಇಲ್ಲ ಅಂತ ನೀನೇ ಹೇಳಿದ್ದಂತೆ. ಮೊದಲೆಲ್ಲ ಅವಳು ತಿಂಗಳಿಗೊಮ್ಮೆ ಬರುದು ಸಹ ಕಷ್ಟ. ಈಗ ವಾರ ವಾರ ಬರುದು ರೂಢಿ ಆಗಿ ಹೋಯ್ತು ಅವರಿಗೆ."

ಇಷ್ಟು ಹೇಳಿ ಅವರು ಮಿಕ್ಸಿಯನ್ನು ಮತ್ತೆ ಚಾಲೂ ಮಾಡಿದರು. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಬಹಳ ಸಂಕಟವಾಯಿತು. ಶನಿವಾರ ಬೆಳಿಗ್ಗೆ ಗಾಡಿ ತಿರುವಿನಲ್ಲಿ ಬರುವಾಗ ತಾವು ಗೇಟಿನ ಬಳಿ ಹೂಕುಂಡಕ್ಕೆ ನೀರು ಹಾಕುತ್ತ ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಕುಂಡದಲ್ಲಿರುವುದು ಕಳ್ಳಿ, ಅದಕ್ಕೆ ನೀರು ಬೇಡ ಎಂದು ನಗುತ್ತಿದ್ದೆ. ಇನ್ನು ನಗುವುದಿಲ್ಲ.

11. ಈ ಹಿನ್ನೆಲೆಯಲ್ಲಿ ಅರ್ಜಿದಾರನ ಸ್ಥಿತಿ ಅತ್ತ ದರಿ ಇತ್ತ ಪುಲಿ ಎಂಬಂತಾಗಿದೆ. ಫ್ಲಿಪ್ಪರ್ ಸರಿಮಾಡಿದರೆ ತಮ್ಮ ಮನೆಗೆ ಮಗಳು ಬರುವುದಿಲ್ಲ. ಸರಿಮಾಡದಿದ್ದರೆ ನನ್ನ ಮನೆಗೆ ಬರುವುದಿಲ್ಲ. ಬೀಗದ ಕೈ ಬದಲಿಸಬಹುದಿತ್ತು. ಹೆಪ್ಪುಗಟ್ಟದ ಹಾಗೆ ಒಳಗೆ ಚಿಕ್ಕ ಬಲ್ಬು ಉರಿಸಿ ಬಿಸಿ ಇಡಬಹುದಿತ್ತು, ನನ್ನ ಕಸುಬಿನಲ್ಲಿ ಅದಕ್ಕೆಲ್ಲ ದಾರಿ ಇದೆ. ಆದರೆ ಒಬ್ಬ ತಂದೆಯನ್ನು ಸೋಲಿಸಿ ಅವರ ಮಗಳನ್ನು ಕರೆದುಕೊಂಡು ಹೋಗುವುದು ನನಗೆ ಬೇಡ. ಕೈಗೆ ಬಂದ ಯಾವ ಯಂತ್ರವನ್ನೂ ಸರಿಮಾಡದೆ ವಾಪಸು ಕಳಿಸಿದವನಲ್ಲ ಎಂಬ ಜಂಬ ನನಗಿತ್ತು. ಆ ಜಂಬವನ್ನು ಇಲ್ಲಿಗೆ ಖಲಾಸ್ ಮಾಡಿ, ಈ ಕೆಳಗಿನಂತೆ ಪ್ರಾರ್ಥಿಸುತ್ತೇನೆ:

(ಅ) ಸದರಿ ಎಡ ಫ್ಲಿಪ್ಪರ್ ನನ್ನಿಂದ ಎಂದಿಗೂ ಸರಿಯಾಗುವಂಥದ್ದಲ್ಲ ಎಂದು ಈ ಮೂಲಕ ಲಿಖಿತವಾಗಿ ಒಪ್ಪಿಕೊಳ್ಳುತ್ತೇನೆ. ಫೈಝಲ್ ಅವರಿಗೆ ಬೇಕಾದರೆ ಇದರ ಪ್ರತಿ ತೋರಿಸಬಹುದು. ಅವರು ನಗುತ್ತಾರೆ, ನಗಲಿ.

(ಆ) ಅಂಶ 7ರಲ್ಲಿ ನಮೂದಿಸಿದ "ಬರುವ ಪ್ರಮೇಯವೇ ಇಲ್ಲ" ಎಂಬ ಉತ್ತರವನ್ನು ದಾಖಲೆಯಿಂದ ತೆಗೆದುಹಾಕಬೇಕು. ಆ ಪ್ರಶ್ನೆ ಕೇಳಿದವರು ದೀಪ್ತಿಯ ತಂದೆ, ಉತ್ತರ ಕೊಟ್ಟವನು ಮೆಕ್ಯಾನಿಕ್. ಮೆಕ್ಯಾನಿಕ್ಕಿಗೆ ಬರಲು ದೂರು ಬೇಕು. ಅಳಿಯನಿಗೆ ಬೇಕಾಗಿಲ್ಲ. ಗಾಡಿ ಸಿಗದ ವಾರ ಬಸ್ಸಿನಲ್ಲಿ ಬರುತ್ತೇವೆ, ಬಚ್ಚಿದರೆ ಬಚ್ಚಲಿ.

(ಇ) ಆದ್ದರಿಂದ ಷರತ್ತನ್ನು ರದ್ದುಪಡಿಸಿ, ತಾವು ದಯವಿಟ್ಟು ಈ ತಿಂಗಳ ಕೊನೆಯೊಳಗೆ ರಜೆಗೆ ಹೆಸರು ಕೊಡಬೇಕು.

(ಈ) ಎಣ್ಣೆಯ ವಿಷಯ ದೀಪ್ತಿಗೆ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ಅವಳ ದೃಷ್ಟಿಯಲ್ಲಿ ನಾನು ಒಂದು ಫ್ಲಿಪ್ಪರ್ ಸರಿಮಾಡಲು ಬಾರದ ಗಂಡನಾಗಿಯೇ ಉಳಿಯುತ್ತೇನೆ. ಜಗಳ ಬಂದಾಗಲೆಲ್ಲ ಈ ಮಾತು ಬರುತ್ತದೆ ಎಂದು ನನಗೆ ಗೊತ್ತಿದೆ. ಅದನ್ನು ವರೋಪಚಾರವೆಂದು ಸ್ವೀಕರಿಸಿದ್ದೇನೆ.

ಇಂದಿಗೆ ತಮ್ಮ ವಿಶ್ವಾಸಿ, ಮಂಜೂರಾತಿ ಬಂದ ಗಳಿಗೆಯಿಂದ ತಮ್ಮ ಅಳಿಯ,
ದ್ವಾರಕನಾಥ

ಅಡಕಗಳು:
1. ಎಡ ಫ್ಲಿಪ್ಪರಿನ ಕೊಳವೆ, ತೊಳೆಯದೆ ಇದ್ದ ಹಾಗೆ. (ಬಿಸಿಲಿನಲ್ಲಿ ತೆರೆದರೆ ಅರ್ಜಿ ನೆನೆಯುತ್ತದೆ.)
2. ನನ್ನ ತಾಯಿ ಲೀಲಮ್ಮನವರ ಒಪ್ಪಿಗೆ, ವಾಟ್ಸಾಪ್ ಧ್ವನಿ ಸಂದೇಶದ ರೂಪದಲ್ಲಿ. ಮೊದಲರ್ಧ ನಾನು ಸರಿಯಾಗಿ ಊಟ ಮಾಡುತ್ತಿಲ್ಲ ಎಂಬುದರ ಬಗ್ಗೆ ಇದೆ, ಅದನ್ನು ಬಿಟ್ಟು ಕೇಳಬಹುದು.
3. ಆಟಿ ಕಳೆದ ಮೇಲಿನ ಮುಹೂರ್ತಗಳಿಗೆ ಗುರುತು ಹಾಕಿದ ಕ್ಯಾಲೆಂಡರಿನ ಹಾಳೆ. ಗುರುತು ಹಾಕಿದವರು ಶ್ರೀಮತಿ ಚಂದ್ರಮತಿಯವರು.

ಕೊನೆಯದಾಗಿ ಒಂದು ಕೋರಿಕೆ: ಎಣ್ಣೆ ಹಾಕದಿದ್ದರೂ ಪ್ರತಿ ಶನಿವಾರ ನಾವು ಬರುತ್ತೇವೆ. ಆದರೂ ಕೈ ತಡೆಯದೆ ಹಾಕುವುದೇ ಆದರೆ ಎಡಗಡೆಯದಕ್ಕೆ ಮಾತ್ರ ಹಾಕಬೇಕು. ಮಾವ ಅಳಿಯ ಸೇರಿ ಆಡುವುದಕ್ಕೆ ಒಂದಾದರೂ ಫ್ಲಿಪ್ಪರ್ ಬೇಕು.